ಶುಶ್ರೂಷಾಗೃಹದ ಲೆಕ್ಕ ಯಾರ ಮುಂದೆ?

‘ನರ್ಸಿಂಗ್ ಹೋಂ’ ಎಂದರೆ ನಮ್ಮ ಕಡೆ ಹೆರಿಗೆಗೋ ಸಣ್ಣ ಶಸ್ತ್ರಚಿಕಿತ್ಸೆಗೋ ನಾಲ್ಕು ದಿನ ಮಲಗಿ ಬರುವ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಆ ಮಾತಿಗೆ ಅರ್ಥವೇ ಬೇರೆ. ಎದ್ದು ಓಡಾಡಲಾರದ, ಕೈಯಾರೆ ಉಣ್ಣಲಾರದ, ಒಮ್ಮೊಮ್ಮೆ ಹೆತ್ತ ಮಕ್ಕಳ ಗುರುತೂ ಹತ್ತದ ವೃದ್ಧರು ಕಡೆಗಾಲವನ್ನು ಕಳೆಯುವ ಮನೆ ಅದು. ಅಂಥ ಗೃಹಗಳು ಆ ದೇಶದಲ್ಲಿ ಸುಮಾರು 15,000 ಇವೆ. ಅವುಗಳಲ್ಲಿ ಇರುವವರ ಸಂಖ್ಯೆ ಸುಮಾರು 12 ಲಕ್ಷ. ನಮ್ಮ ಊರುಗಳಿಂದ ಹೋಗಿ ಅಲ್ಲಿಯೇ ನೆಲೆಸಿದವರೂ ಮುಪ್ಪಿನ ಹೊಸ್ತಿಲಲ್ಲಿ ಇರುವುದರಿಂದ ಇದು ನಮಗೆ ತೀರ ಹೊರಗಿನ ಸಂಗತಿಯೇನೂ ಅಲ್ಲ.

ಇಂಥ ಮನೆಗಳಲ್ಲಿ ಒಂದು ವಿಶೇಷ ತೊಡಕುಂಟು. ಹೋಟೆಲಿನ ಸಾಂಬಾರು ಹಳಸಿದ್ದರೆ ನೀವು ಮಾಣಿಯನ್ನು ಕರೆದು ಹೇಳುತ್ತೀರಿ; ಮಾರನೆಯ ದಿನ ಎದುರಿನ ಹೋಟೆಲಿಗೆ ಹೋಗುತ್ತೀರಿ. ಇಲ್ಲಿ ಹಾಗಲ್ಲ. ಇರುವವರು ಒಬ್ಬರು, ಆರಿಸಿದವರು ಮಗನೋ ಸೊಸೆಯೋ, ಹಣ ಕೊಡುವುದು ಬಹುಮಟ್ಟಿಗೆ ಸರ್ಕಾರ. ನೋವು ಉಣ್ಣುವ ಜೀವಕ್ಕೆ ಎಷ್ಟೋ ವೇಳೆ ಬಾಯಿಯೇ ಇರುವುದಿಲ್ಲ, ಇದ್ದರೂ ಅಂಜಿಕೆ. ರಾತ್ರಿ ಗುಟುಕು ನೀರು ಕೊಡಬೇಕಾದ ಕೈಯ ಮೇಲೆ ಹಗಲು ದೂರು ಹೇಳುವುದು ಹೇಗೆ?

1965ರಲ್ಲಿ ವೃದ್ಧರಿಗಾಗಿ ಮೆಡಿಕೇರ್, ಬಡವರಿಗಾಗಿ ಮೆಡಿಕೇಯ್ಡ್ ಎಂಬ ಯೋಜನೆಗಳು ಬಂದ ಮೇಲೆ ಈ ಗೃಹಗಳಿಗೆ ಸರ್ಕಾರದ ಹಣ ಹೊಳೆಯಾಗಿ ಹರಿಯಿತು. ತಪಾಸಣೆಯೂ ಇತ್ತು, ಆದರೆ ಅದು ಕಾಗದಪತ್ರ ಸರಿಯಾಗಿದೆಯೇ, ಕಟ್ಟಡ ನೆಟ್ಟಗಿದೆಯೇ ಎಂದು ನೋಡುತ್ತಿತ್ತೇ ಹೊರತು ಮಂಚದ ಮೇಲಿನ ಮನುಷ್ಯನ ಬೆನ್ನಿನಲ್ಲಿ ಹುಣ್ಣಾಗಿದೆಯೇ ಎಂದು ನೋಡುವುದು ಕಡಮೆ. 1986ರಲ್ಲಿ ಅಲ್ಲಿನ ವೈದ್ಯವಿಜ್ಞಾನ ಸಂಸ್ಥೆಯ ಸಮಿತಿ ಈ ದೋಷವನ್ನು ವಿವರವಾಗಿ ಎತ್ತಿ ತೋರಿಸಿತು. ಮರುವರ್ಷವೇ, 1987ರ ಡಿಸೆಂಬರಿನಲ್ಲಿ, ಸುಧಾರಣೆಯ ಶಾಸನವಾಯಿತು. ಸಿಬ್ಬಂದಿಯ ಅನುಕೂಲಕ್ಕಾಗಿ ಯಾರನ್ನೂ ಕುರ್ಚಿಗೋ ಮಂಚಕ್ಕೋ ಕಟ್ಟಿಹಾಕಕೂಡದು ಎಂಬ ಮಾತು ಆ ಶಾಸನದಲ್ಲಿದೆ. ಅದನ್ನು ಶಾಸನದಲ್ಲಿ ಬರೆಯಬೇಕಾಗಿ ಬಂದಿತೆಂಬುದೇ ಹಿಂದಿನ ಸ್ಥಿತಿಯನ್ನು ಹೇಳುತ್ತದೆ.

ಶಾಲೆಗೆ ಇನ್ಸ್‌ಪೆಕ್ಟರು ಬರುವ ದಿನ ನಿಮಗೆ ನೆನಪಿರಬಹುದು. ಗೋಡೆಗೆ ಸುಣ್ಣ, ಬಾಗಿಲಿಗೆ ತೋರಣ, ಜಾಣ ಹುಡುಗರೆಲ್ಲ ಮುಂದಿನ ಸಾಲಿಗೆ! ಇದು ಆಗಬಾರದೆಂದು ಪರಿವೀಕ್ಷಕರು ಮುನ್ಸೂಚನೆ ಇಲ್ಲದೆ ಬರುತ್ತಾರೆ. 15 ತಿಂಗಳ ಒಳಗೆ ಒಮ್ಮೆಯಾದರೂ ಬರಲೇಬೇಕು, ಆದರೆ ಯಾವ ದಿನವೆಂದು ಗೃಹಕ್ಕೆ ತಿಳಿಯಬಾರದು. ದಿನಾಂಕವನ್ನು ಮೊದಲೇ ಕಿವಿಯಲ್ಲಿ ಊದಿದವರಿಗೆ 1987ರ ಶಾಸನ 2,000 ಡಾಲರುಗಳವರೆಗೆ ದಂಡವಿಟ್ಟಿತು. ಬಂದವರು ಊಟದ ಹೊತ್ತಿನಲ್ಲಿ ನಿಂತು ನೋಡುತ್ತಾರೆ, ಔಷಧ ಹಂಚುವುದನ್ನು ಗಮನಿಸುತ್ತಾರೆ, ನಿವಾಸಿಗಳನ್ನೂ ಅವರ ಮನೆಯವರನ್ನೂ ಮಾತಾಡಿಸುತ್ತಾರೆ. ಕಂಡ ಲೋಪಗಳಿಗೆ ಇಂಗ್ಲಿಷಿನ ‘ಎ’ಯಿಂದ ‘ಎಲ್’ವರೆಗೆ ಒಂದೊಂದು ಅಕ್ಷರ ಹಾಕುತ್ತಾರೆ. ‘ಎ’ ಎಂದರೆ ಅಲ್ಪದೋಷ. ‘ಜೆ’, ‘ಕೆ’, ‘ಎಲ್’ ಎಂದರೆ ಕೂಡಲೇ ಸರಿಪಡಿಸದಿದ್ದರೆ ಜೀವಕ್ಕೇ ಅಪಾಯ.

ಇಷ್ಟಾದರೆ ಸಾಲದು. ವರದಿ ಬರೆದು ಕಚೇರಿಯ ಬೀರುವಿನಲ್ಲಿ ಬೀಗ ಹಾಕಿಟ್ಟರೆ ಯಾರಿಗೆ ಪ್ರಯೋಜನ? ಆದ್ದರಿಂದ ಹೊಸದಾಗಿ ಬಂದ ವರದಿಯನ್ನು ಯಾರನ್ನೂ ಬೇಡದೆ ಓದಬಹುದಾದ ಜಾಗದಲ್ಲಿ ಗೃಹದವರು ಇಡಬೇಕು. ಹಿಂದಿನ ಮೂರು ವರ್ಷಗಳದನ್ನು ಕೇಳಿದವರಿಗೆ ತೋರಿಸಬೇಕು. ಅದರಲ್ಲಿ ನಿವಾಸಿಗಳ ಹೆಸರಿರುವುದಿಲ್ಲ, ಬರಿಯ ಸಂಖ್ಯೆ ಇರುತ್ತದೆ. ಮಾನ ಮುಚ್ಚಬೇಕಾದವರದು ಮುಚ್ಚಿ, ತೆರೆಯಬೇಕಾದವರದು ತೆರೆದ ಈ ಏರ್ಪಾಡು ನನಗೆ ಬಹಳ ಸರಿಯೆನಿಸುತ್ತದೆ. ಇದಲ್ಲದೆ ನಿವಾಸಿಗಳ ಪರವಾಗಿ ಅಹವಾಲು ಕೇಳುವ ‘ಆಂಬಡ್ಸ್‌ಮನ್’ ಎಂಬ ಅಧಿಕಾರಿ ಪ್ರತಿ ರಾಜ್ಯದಲ್ಲೂ ಇರಬೇಕೆಂದು 1978ರಲ್ಲೇ ವಿಧಿಸಲಾಗಿತ್ತು.

1998ರಿಂದ ಗೃಹಗಳ ವಿವರ ಇಂಟರ್‌ನೆಟ್ಟಿಗೆ ಬಂದಿತು. 2008ರ ಡಿಸೆಂಬರಿನಲ್ಲಿ ಒಂದರಿಂದ ಐದು ನಕ್ಷತ್ರಗಳ ಶ್ರೇಣಿ ಕೊಡತೊಡಗಿದರು. ಇಲ್ಲಿಯೇ ನಾವು ಕಲಿಯಬೇಕಾದ ಪಾಠವೊಂದು ಹೊರಬಿತ್ತು. ದಾದಿಯರು ಎಷ್ಟು ಮಂದಿ ಎಂಬುದನ್ನು ಗೃಹದವರೇ ಬರೆದು ಕೊಡುತ್ತಿದ್ದರು, ಅದೂ ತಪಾಸಣೆಗೆ ಹಿಂದಿನ ಎರಡು ವಾರಗಳ ಲೆಕ್ಕ ಮಾತ್ರ. ತನ್ನ ಪರೀಕ್ಷೆಯ ಉತ್ತರಕ್ಕೆ ತಾನೇ ಅಂಕ ಹಾಕಿಕೊಂಡಂತೆ. 2010ರ ಆರೋಗ್ಯ ಶಾಸನ ಇದಕ್ಕೊಂದು ಜಾಣ ಉಪಾಯ ಹೂಡಿತು: ಸಂಬಳದ ಬಟವಾಡೆ ಪುಸ್ತಕವನ್ನೇ ಒಪ್ಪಿಸಿ ಎಂದಿತು. ಕೆಲಸಕ್ಕೆ ಬಾರದವರನ್ನು ಬಂದರೆಂದು ಸರ್ಕಾರಕ್ಕೆ ಬರೆಯುವುದು ಸುಲಭ. ಬಾರದವರಿಗೆ ಸಂಬಳ ಕೊಡುವ ಯಜಮಾನ ಎಲ್ಲಿದ್ದಾನೆ?

2016ರ ಜುಲೈಯಿಂದ ಈ ಲೆಕ್ಕ ಕಡ್ಡಾಯವಾಯಿತು, 2018ರಲ್ಲಿ ಅದು ನಕ್ಷತ್ರಗಳಿಗೂ ಸೇರಿತು. ಪೂರ್ಣ ಶಿಕ್ಷಣ ಪಡೆದ ದಾದಿಯೊಬ್ಬರು ದಿನಕ್ಕೆ 8 ಗಂಟೆ, ವಾರದ ಏಳು ದಿನವೂ ಇರಬೇಕೆಂಬುದು ಅಲ್ಲಿನ ನಿಯಮ. ಮೂರು ತಿಂಗಳಲ್ಲಿ ಏಳು ದಿನವೋ ಹೆಚ್ಚೋ ಅಂಥವರಿಲ್ಲದೆ ನಡೆದ, ಅಥವಾ ಸರಿಯಾದ ಲೆಕ್ಕ ಕೊಡದ ಸುಮಾರು 1,400 ಗೃಹಗಳು ಆ ವರ್ಷ ಸಿಬ್ಬಂದಿಯ ವಿಷಯದಲ್ಲಿ ಒಂದೇ ನಕ್ಷತ್ರಕ್ಕೆ ಇಳಿದವು. ಶನಿವಾರ, ಭಾನುವಾರಗಳಲ್ಲಿ ಕೈಗಳು ಕಡಮೆಯಾಗುತ್ತವೆ ಎಂಬ ಗುಟ್ಟೂ ರಟ್ಟಾಯಿತು. ಮನೆಯವರು ನೋಡಲು ಬರುವುದು ಬಹುಶಃ ಅದೇ ದಿನಗಳಲ್ಲಿ, ಆದರೂ ಅವರ ಕಣ್ಣಿಗೆ ಅದು ಬಿದ್ದಿರಲಿಲ್ಲ! 2022ರಿಂದ ವಾರಾಂತ್ಯದ ಲೆಕ್ಕವನ್ನೂ, ವರ್ಷದಲ್ಲಿ ಎಷ್ಟು ಮಂದಿ ಕೆಲಸ ಬಿಟ್ಟುಹೋದರೆಂಬುದನ್ನೂ ಬೇರೆಯಾಗಿ ಪ್ರಕಟಿಸುತ್ತಾರೆ.

ಎಲ್ಲವೂ ನೆಟ್ಟಗಾಯಿತೆಂದು ತಿಳಿಯಬೇಡಿ. ವೃದ್ಧರು ಜಾರಿ ಬಿದ್ದ ಲೆಕ್ಕವನ್ನು ಗೃಹಗಳೇ ಬರೆದುಕೊಡುತ್ತವೆ. ಅಲ್ಲಿನ ಆರೋಗ್ಯ ಇಲಾಖೆಯ ಮಹಾ ಪರಿವೀಕ್ಷಕರ ಕಚೇರಿ ಅದನ್ನು ಆಸ್ಪತ್ರೆಗಳ ಬಿಲ್ಲುಗಳ ಪಕ್ಕಕ್ಕಿಟ್ಟು ನೋಡಿ 2025ರಲ್ಲಿ ವರದಿ ಕೊಟ್ಟಿತು: ದೊಡ್ಡ ಪೆಟ್ಟಾಗಿ ಆಸ್ಪತ್ರೆ ಸೇರಿದ ಪ್ರಕರಣಗಳಲ್ಲೇ ನೂರಕ್ಕೆ 43ರಷ್ಟನ್ನು ಗೃಹದವರು ಬರೆದೇ ಇರಲಿಲ್ಲ. ನಕ್ಷತ್ರ ಕಂಡು ಮರುಳಾಗುವುದು ಸಿನಿಮಾಕ್ಕೆ ಸರಿ. ತಾಯಿಯನ್ನು ಬಿಟ್ಟುಬರುವ ಮನೆಗಲ್ಲ.

ಹಾಗಾದರೆ ಅಮೆರಿಕದಲ್ಲಿರುವ ನಿಮ್ಮ ಬಂಧುಗಳು ಇಂಥ ಗೃಹ ಹುಡುಕುತ್ತಿದ್ದರೆ ಏನು ಹೇಳಬೇಕು? ಮೂರು ವರ್ಷಗಳ ವರದಿ ಹಿಡಿದು ಒಂದೇ ಲೋಪ ಮತ್ತೆ ಮತ್ತೆ ತಲೆಯೆತ್ತಿದೆಯೇ ನೋಡಲಿ. ಒಮ್ಮೆ ಆದದ್ದು ಅಜಾಗರೂಕತೆ ಇರಬಹುದು, ಮೂರು ಸಲ ಆದದ್ದು ಆ ಮನೆಯ ರೂಢಿ. ಇಂದು ಯಾವ ಸರದಿಯಲ್ಲಿ ಎಷ್ಟು ಮಂದಿ ಶುಶ್ರೂಷಕರಿದ್ದಾರೆ ಎಂಬ ಪಟ್ಟಿಯನ್ನು 2003ರಿಂದ ಪ್ರತಿ ಗೃಹವೂ ದಿನದಿನವೂ ಕಾಣುವಂತೆ ಹಾಕಬೇಕು. ಅದನ್ನು ಓದಿ, ಒಳಗೆ ಹೋಗಿ ತಲೆ ಎಣಿಸಲಿ.

ನಮ್ಮ ದೇಶದಲ್ಲಿ 2007ರ ಹಿರಿಯ ನಾಗರಿಕರ ಪೋಷಣೆ ಶಾಸನವು ವೃದ್ಧಾಶ್ರಮಗಳು ಹೇಗೆ ನಡೆಯಬೇಕು, ಅಲ್ಲಿನ ಸೌಕರ್ಯ ಯಾವ ಮಟ್ಟದ್ದಿರಬೇಕು ಎಂದು ನಿಗದಿಮಾಡುವ ಹೊಣೆಯನ್ನು ರಾಜ್ಯ ಸರ್ಕಾರಗಳಿಗೆ ಬಿಟ್ಟಿದೆ. ನೀವು ಊರಿನ ವೃದ್ಧಾಶ್ರಮವೊಂದನ್ನು ನೋಡಲು ಹೋದರೆ ತೋಟ, ಭಜನೆ ಮಂದಿರ, ಊಟದ ಮನೆ ಎಲ್ಲವನ್ನೂ ಅವರಾಗಿಯೇ ತೋರಿಸುತ್ತಾರೆ. ಅದೆಲ್ಲ ಮುಗಿದ ಮೇಲೆ, ನೆನ್ನೆ ರಾತ್ರಿ ಕೆಲಸದ ಮೇಲಿದ್ದವರು ಯಾರು ಯಾರು ಎಂದು ಕೇಳಿ, ಹಾಜರಿ ಪುಸ್ತಕವನ್ನು ಒಮ್ಮೆ ತರಿಸಿ ನೋಡಿ.