ಮತಪತ್ರ ಬರುವುದು ನೆಟ್‌ನಲ್ಲಿ, ಮರಳುವುದು ಅಂಚೆಯಲ್ಲಿ

ದಕ್ಷಿಣ ಸುಡಾನ್‌ನಲ್ಲೋ ಲೆಬನಾನ್‌ನಲ್ಲೋ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ಹೋಗಿರುವ ಹೊಸನಗರದ ಯೋಧನಿಗೂ ಊರಿನ ಚುನಾವಣೆಯಲ್ಲಿ ಮತವಿದೆ. ಅವನ ಹೆಸರು ಅಪ್ಪ–ಅಮ್ಮನ ಹೆಸರಿನ ಪಕ್ಕದಲ್ಲಿರುವುದಿಲ್ಲ, ಮತದಾರರ ಪಟ್ಟಿಯ ಕೊನೆಯ ಭಾಗದಲ್ಲಿ, ‘ಸೇವಾ ಮತದಾರರು’ ಎಂಬಲ್ಲಿ ಇರುತ್ತದೆ. ಸೈನಿಕರು ನಮೂನೆ 2, ವಿದೇಶದ ರಾಯಭಾರ ಕಚೇರಿಗಳಲ್ಲಿರುವ ಸರ್ಕಾರಿ ನೌಕರರು ನಮೂನೆ 3 ತುಂಬಿ ಅಲ್ಲಿ ಸೇರುತ್ತಾರೆ. ಜೊತೆಯಲ್ಲಿ ವಾಸಿಸುವ ಹೆಂಡತಿಗೆ ಮೊದಲಿನಿಂದಲೂ ಈ ಅವಕಾಶವಿತ್ತು. ಸೇನೆಯಲ್ಲಿರುವ ಮಹಿಳೆಯ ಗಂಡನಿಗೆ ಅದು ಸಿಕ್ಕಿದ್ದು 2021ರ ತಿದ್ದುಪಡಿಯ ನಂತರ.

ಹೊಸನಗರದವರ ವಿಷಯದಲ್ಲಿ ಇನ್ನೊಂದು ಮಾತಿದೆ. 2008ರ ಮರುವಿಂಗಡಣೆಯಲ್ಲಿ ಹೊಸನಗರ ವಿಧಾನಸಭಾ ಕ್ಷೇತ್ರವೇ ಇಲ್ಲವಾಗಿ, ತಾಲ್ಲೂಕು ಸಾಗರ ಮತ್ತು ತೀರ್ಥಹಳ್ಳಿ ಕ್ಷೇತ್ರಗಳಿಗೆ ಹಂಚಿಹೋಯಿತು. ಯೋಧನ ಲಕೋಟೆ ಎರಡರಲ್ಲಿ ಯಾವ ಊರಿಗೆ ಹೋಗಬೇಕೆಂಬುದು ಅವನ ಹಳ್ಳಿ ಯಾವ ಕಡೆ ಬಿತ್ತು ಎಂಬುದರ ಮೇಲೆ ನಿಂತಿದೆ.

ಹಿಂದೆ ಮತಪತ್ರ ಎರಡು ದಾರಿಯನ್ನೂ ಅಂಚೆಯಲ್ಲೇ ಸವೆಸಬೇಕಿತ್ತು. ಎಷ್ಟೋ ಮತಪತ್ರಗಳು ಹಿಂದಿರುಗುವಷ್ಟರಲ್ಲಿ ಎಣಿಕೆಯೇ ಮುಗಿದಿರುತ್ತಿತ್ತು. 2014ರ ಲೋಕಸಭಾ ಚುನಾವಣೆಯಲ್ಲಿ ನೋಂದಾಯಿತ ಸೇವಾ ಮತದಾರರು 13 ಲಕ್ಷಕ್ಕೂ ಹೆಚ್ಚು. ಮತ ಹಾಕಿದವರು ಶೇ 4 ಮಾತ್ರ. ಗಡಿ ಕಾಯುವವರಿಗೆ ಗಣರಾಜ್ಯ ಕೊಟ್ಟ ಹಕ್ಕಿನ ಸ್ಥಿತಿ ಇದಾಗಿತ್ತು. 2016ರ ಅಕ್ಟೋಬರ್‌ನಲ್ಲಿ ಚುನಾವಣಾ ನಿಯಮ ತಿದ್ದುಪಡಿಯಾಗಿ, ಮತಪತ್ರವನ್ನು ವಿದ್ಯುನ್ಮಾನ ರೂಪದಲ್ಲಿ ಕಳಿಸುವ ‘ಇಟಿಪಿಬಿಎಸ್’ ಬಂತು. ಕೇಂದ್ರ ಸರ್ಕಾರದ ಗಣಕ ಸಂಶೋಧನಾ ಸಂಸ್ಥೆ ಸಿ–ಡ್ಯಾಕ್ ನೆರವಿನಿಂದ ರೂಪುಗೊಂಡ ಈ ವ್ಯವಸ್ಥೆ ಮೊದಲು ಬಳಕೆಯಾದದ್ದು ಅದೇ ನವೆಂಬರ್‌ನಲ್ಲಿ, ಪುದುಚೇರಿಯ ನೆಲ್ಲಿತೋಪು ಉಪಚುನಾವಣೆಯಲ್ಲಿ. 2019ರಲ್ಲಿ 18,02,646 ಸೇವಾ ಮತದಾರರ ಪೈಕಿ 10,84,266 ಮಂದಿಯ ಮತಪತ್ರ ಹಿಂದಿರುಗಿತು. ಶೇ 4ರಿಂದ ಶೇ 60ಕ್ಕೆ!

ಇದನ್ನು ‘ಆನ್‌ಲೈನ್ ಮತದಾನ’ ಎನ್ನುವವರಿದ್ದಾರೆ. ಹಾಗಲ್ಲ. ಗೂಢಲಿಪಿಯಲ್ಲಿ ಭದ್ರವಾದ ಮತಪತ್ರವನ್ನು ಒಟಿಪಿ ಮತ್ತು ಪಿನ್ ಬಳಸಿ ತೆರೆದು, ಮುದ್ರಿಸಿ, ಪೆನ್ನಿನಲ್ಲಿ ಗುರುತು ಹಾಕಬೇಕು. ಘೋಷಣಾ ಪತ್ರಕ್ಕೆ ಸಹಿ ಮಾಡಿ, ಘಟಕದ ಅಧಿಕಾರಿಯ ದೃಢೀಕರಣ ಪಡೆದು, ಲಕೋಟೆಯೊಳಗೆ ಲಕೋಟೆ ಇಟ್ಟು ಅಂಚೆಗೆ ಹಾಕಬೇಕು. ಎಣಿಕೆಯ ದಿನ ಕ್ಯೂಆರ್ ಸಂಕೇತ ಸ್ಕ್ಯಾನ್ ಮಾಡಿ ಅಸಲಿಯೇ, ಒಬ್ಬರದೇ ಎರಡು ಬಂದಿದೆಯೇ ಎಂದು ನೋಡುತ್ತಾರೆ.

ಹಿಂದಿರುಗುವ ದಾರಿಯನ್ನೂ ಆನ್‌ಲೈನ್ ಮಾಡಿಬಿಡಿ ಎಂಬ ಬೇಡಿಕೆಯನ್ನು ನಾನು ಒಪ್ಪುವುದಿಲ್ಲ. ಎಸ್ಟೋನಿಯಾ 2005ರಿಂದ ಇಂಟರ್ನೆಟ್ ಮತದಾನ ನಡೆಸುತ್ತಿದೆ, ನಿಜ. ಆದರೆ ಅಮೆರಿಕದ ವೆಸ್ಟ್ ವರ್ಜೀನಿಯಾ 2018ರಲ್ಲಿ ಹೊರದೇಶದ ಸೈನಿಕರಿಗೆ ‘ವೋಟ್ಸ್’ ಎಂಬ ಮೊಬೈಲ್ ಆ್ಯಪ್ ಕೊಟ್ಟಿತ್ತು. ಎಂಐಟಿ ಸಂಶೋಧಕರು 2020ರಲ್ಲಿ ಅದರ ಭದ್ರತಾ ದೋಷಗಳನ್ನು ಬಯಲಿಗೆಳೆದ ಮೇಲೆ ಕೈಬಿಟ್ಟಿತು. ಕಾಗದವನ್ನಾದರೆ ಮತ್ತೆ ತೆಗೆದು ನೋಡಬಹುದು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ತಿರಸ್ಕೃತ ಅಂಚೆ ಮತಗಳನ್ನು ಮತ್ತೆ ಪರಿಶೀಲಿಸಿದ ಮೇಲೆ ಗೆಲುವಿನ ಅಂತರ ನಿಂತದ್ದು 16ಕ್ಕೆ.

ಕೊರತೆ ಇರುವುದು ದಿನಗಳಲ್ಲಿ. ಅದೇ 2023ರ ವಿಧಾನಸಭಾ ಚುನಾವಣೆಯಲ್ಲಿ ನಾಮಪತ್ರ ವಾಪಸಿಗೆ ಏಪ್ರಿಲ್ 24 ಕೊನೆಯ ದಿನ. ಮತದಾನ ಮೇ 10, ಎಣಿಕೆ ಮೇ 13. ಕಣದಲ್ಲಿ ಯಾರಿದ್ದಾರೆಂದು ಖಚಿತವಾದ ಮೇಲಷ್ಟೇ ಮತಪತ್ರ ಸಿದ್ಧವಾಗುತ್ತದೆ. ಅದು ಆಫ್ರಿಕಾ ತಲುಪಿ, ಎಣಿಕೆಯ ಬೆಳಿಗ್ಗೆ 8ರೊಳಗೆ ಸಾಗರಕ್ಕೋ ತೀರ್ಥಹಳ್ಳಿಗೋ ಬರಲು ಸಿಕ್ಕಿದ್ದು 19 ದಿನಕ್ಕೂ ಕಡಿಮೆ. 2024ರ ಲೋಕಸಭಾ ಚುನಾವಣೆಯಲ್ಲಿ ಶಿವಮೊಗ್ಗ ಕ್ಷೇತ್ರಕ್ಕೆ ಏಪ್ರಿಲ್ 22ರಿಂದ ಜೂನ್ 4ರವರೆಗೆ ಕಾಲಾವಕಾಶವಿತ್ತು. ಯೋಧನ ಮತ ಎಣಿಕೆಗೆ ಸಿಗುವುದು ವೇಳಾಪಟ್ಟಿಯ ಅದೃಷ್ಟಕ್ಕೆ ಬಿಟ್ಟ ವಿಷಯವಾಗಬಾರದು.

ಮತಪತ್ರ ಕೈಗೆ ಬಂದರೂ ಅದರಲ್ಲಿರುವ ಹೆಸರುಗಳು ಯಾರವು, ಊರಿನ ರಸ್ತೆ, ಅಡಿಕೆ ತೋಟ, ಶರಾವತಿ ಮುಳುಗಡೆಯವರ ಹಕ್ಕುಪತ್ರದ ಬಗ್ಗೆ ಯಾರು ಏನು ಹೇಳಿದ್ದಾರೆ? ಯೋಧ ಇದನ್ನು ಮನೆಯವರನ್ನೇ ಕೇಳಬೇಕು. ಆ ಮನೆಯಲ್ಲಿ ಸಿಗ್ನಲ್ ಇರಬೇಕಲ್ಲ! 2021ರಲ್ಲಿ, ಕೋವಿಡ್ ಕಾಲದ ಆನ್‌ಲೈನ್ ತರಗತಿಗಳಿಗಾಗಿ ಮಕ್ಕಳು ಗುಡ್ಡ ಹತ್ತುತ್ತಿದ್ದಾಗ, ಈ ಮಲೆನಾಡಿನ ಹಳ್ಳಿಗಳಿಂದಲೇ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಭಿಯಾನ ಎದ್ದಿತು. ಮತವನ್ನೇ ಬಹಿಷ್ಕರಿಸುತ್ತೇವೆ ಎನ್ನುವಷ್ಟು ನೊಂದ ಜನರ ಮಾತು ಅದು. ಅಂಥ ಮನೆಯ ಮಗನಿಗೆ ಸಾವಿರಾರು ಮೈಲಿ ಆಚೆಗೆ ಮತಪತ್ರವೇನೋ ನೆಟ್‌ನಲ್ಲಿ ತಲುಪುತ್ತದೆ, ತಾಯಿಯ ಫೋನು ಮಾತ್ರ ಸಿಗುವುದಿಲ್ಲ.

ಯೋಧನಿಗೆ ಮತ ಹಾಕಲು ಇನ್ನೊಂದು ದಾರಿಯೂ ಇದೆ, ಹಳ್ಳಿಗಳಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. 2003ರಿಂದ ಸೈನಿಕರು ತಮ್ಮ ಕ್ಷೇತ್ರದಲ್ಲಿ ವಾಸಿಸುವ ಒಬ್ಬರನ್ನು ಪ್ರಾಕ್ಸಿಯಾಗಿ ನೇಮಿಸಬಹುದು. ನಮೂನೆ 13ಎಫ್ ಸಲ್ಲಿಸಿದರೆ ಅಪ್ಪನೋ ತಂಗಿಯೋ ಮತಗಟ್ಟೆಗೆ ಹೋಗಿ ಅವನ ಪರವಾಗಿ ಮತ ಹಾಕಿ ಬರಬಹುದು. ಆಗ ಶಾಯಿ ಹಚ್ಚುವುದು ಎಡಗೈ ನಡುಬೆರಳಿಗೆ. ಅಂಚೆ ತಡವಾಗುವ ಭಯ ಇದರಲ್ಲಿಲ್ಲ. ಗುಟ್ಟಿನ ಮತ ಮನೆಯವರೊಬ್ಬರಿಗೆ ತಿಳಿಯುತ್ತದೆ ಎಂಬ ಕೊರತೆ ಇದೆ, ಆದ್ದರಿಂದ ಇದು ಅಂಚೆ ಮತಕ್ಕೆ ಬದಲಿಯಾಗಲಾರದು.

ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ. ಮತದಾನಕ್ಕೂ ಎಣಿಕೆಗೂ ನಡುವೆ ಹತ್ತು ದಿನವಾದರೂ ಇರಲಿ ಎಂದು ಚುನಾವಣಾ ಆಯೋಗವನ್ನು ಕೇಳಲು ನಮ್ಮ ಶಾಸಕರಿಗೆ ಇನ್ನೂ ಸಮಯವಿದೆ. ಮಗನೋ ಮಗಳೋ ಸೇನೆಯಲ್ಲಿರುವ ಮನೆಯವರು ಅಷ್ಟರೊಳಗೆ ಪಟ್ಟಿಯ ಆ ಕೊನೆಯ ಭಾಗವನ್ನೊಮ್ಮೆ ತೆರೆದು, ಹೆಸರಿದೆಯೇ ನೋಡಿಕೊಳ್ಳಲಿ.