ಜಂತುಹುಳುವಿನ ಜಾತಿ ಅರಿತು ಬೆಳೆ ಬದಲಿಸಿರಿ

ನಿಪ್ಪಾಣಿ, ಚಿಕ್ಕೋಡಿ ಭಾಗದಲ್ಲಿ ಬೀಡಿ ತಂಬಾಕು ಬೆಳೆಯುವ ರೈತರು ಸೊರಗಿದ ಗಿಡವನ್ನು ಕಿತ್ತು ನೋಡಬೇಕು. ಬೇರಿನಲ್ಲಿ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳುವಿನ ಬಾಧೆ.

ಬಹುಕಾಲ ಈ ಹುಳುಗಳೆಲ್ಲ ಒಂದೇ ಜಾತಿಯವೆಂದು ಎಣಿಸಲಾಗಿತ್ತು. 1949ರಲ್ಲಿ ಅಮೆರಿಕದ ಚಿಟ್‌ವುಡ್ ಎಂಬ ವಿಜ್ಞಾನಿಯು ಹೆಣ್ಣುಹುಳುವಿನ ಹಿಂಬದಿಯ ಚರ್ಮದ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಜಾತಿಗಳನ್ನು ಬೇರ್ಪಡಿಸಿದರು. 'ಇನ್‌ಕಾಗ್ನಿಟಾ' ಜಾತಿಯಲ್ಲಿ ಗೆರೆಗಳು ಎತ್ತರದ ಕಮಾನಿನಂತಿರುತ್ತವೆ. 'ಜವಾನಿಕಾ'ದಲ್ಲಿ ಎರಡೂ ಪಕ್ಕಕ್ಕೆ ಸ್ಪಷ್ಟ ಗೀಟುಗಳಿರುತ್ತವೆ.

ಇದರಿಂದ ರೈತರಿಗೇನು ಲಾಭ? ಇನ್‌ಕಾಗ್ನಿಟಾ ಸಾಮಾನ್ಯವಾಗಿ ಶೇಂಗಾ ಬೇರಿನಲ್ಲಿ ವೃದ್ಧಿಯಾಗದು. ಅಲ್ಲಿ ಶೇಂಗಾ ಒಳ್ಳೆಯ ಬದಲಿ ಬೆಳೆ. ಆದರೆ 'ಅರೆನೇರಿಯಾ' ಜಾತಿಯ ಒಂದು ತಳಿ ಶೇಂಗಾವನ್ನೂ ಬಿಡದು.

ಆದ್ದರಿಂದ ಗಂಟುಬೇರುಗಳನ್ನು ಹಸಿಮಣ್ಣಿನ ಸಮೇತ ಪಾಲಿಥಿನ್ ಚೀಲದಲ್ಲಿ ಕಟ್ಟಿ, ಬಿಸಿಲು ತಾಗಿಸದೆ ಒಯ್ದು, ನಿಪ್ಪಾಣಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿರಿ.