ರೈತ ಹೆಂಗಸಿನ ವಂಶವೂ ಸರ್ಕಾರದ ದಫ್ತರವೂ

ಪಟ್ಟಣವಾಸಿಗಳಾದ ನಮ್ಮಲ್ಲಿ ಅನೇಕರಿಗೆ ಮುತ್ತಾತನ ಹೆಸರು ತಿಳಿದಿರುತ್ತದೆ. ಆತನ ಹೆಂಡತಿಯ ಹೆಸರನ್ನು ಕೇಳಿದರೆ ಉತ್ತರ ಹೊರಡುವುದಿಲ್ಲ. ಆಕೆಯಾದರೋ ಹೊಲದಲ್ಲಿ ಕಳೆ ಕಿತ್ತವಳು, ರಾಗಿ ಬೀಸಿದವಳು, ಬರಗಾಲದಲ್ಲಿ ಮಕ್ಕಳನ್ನು ಉಳಿಸಿಕೊಂಡವಳು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಯಾವುದಾದರೊಂದು ಗ್ರಾಮದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಾಳಿದ ಅಂತಹ ಹೆಂಗಸಿನ ವಂಶವನ್ನು ಸರ್ಕಾರದ ಕಾಗದಪತ್ರಗಳಿಂದ ಹೇಗೆ ಅರಸಬಹುದೆಂಬುದನ್ನು ಈಗ ವಿಚಾರಮಾಡೋಣ.

ಮೊದಲಿಗೆ ಒಂದು ಮಾತನ್ನು ನೆನಪಿನಲ್ಲಿಡಬೇಕು. ಆ ಕಾಲದ ದಫ್ತರವು ಮನುಷ್ಯರಿಗಾಗಿ ಹುಟ್ಟಿದುದಲ್ಲ, ಕಂದಾಯಕ್ಕಾಗಿ ಹುಟ್ಟಿದುದು. ಜನಗಣತಿಯಲ್ಲಿ ಹುಡುಕೋಣವೆಂದು ಹೊರಟವರಿಗೆ ನಿರಾಶೆಯೇ ಫಲ. ಮೈಸೂರು ಸೀಮೆಯಲ್ಲಿ 1871ರಿಂದ ಕ್ರಮವಾದ ಗಣತಿ ನಡೆದುಬಂದಿದೆ. ಆದರೆ ಅದರಿಂದ ನಮಗೆ ಸಿಕ್ಕುವುದು ಸಂಖ್ಯೆಗಳೇ ಹೊರತು ಮನೆಮನೆಯ ಹೆಸರುಗಳಲ್ಲ. ಆದಕಾರಣ ಹೆಂಗಸಿನ ಹೆಸರನ್ನು ಹಿಡಿದು ಹೋಗುವುದಕ್ಕಿಂತ, ಆಕೆಯ ಮನೆಯವರು ಉಳುತ್ತಿದ್ದ ಹೊಲವನ್ನು ಹಿಡಿದು ಹೋಗುವುದೇ ಲೇಸು.

ಹೊಲಕ್ಕೆ ಸ್ಥಿರವಾದ ಗುರುತು ದೊರೆತುದು ಸರ್ವೆಯಿಂದ. ಸೀಮೆಯು ಇಂಗ್ಲಿಷ್ ಕಮಿಷನರ ಆಡಳಿತದಲ್ಲಿದ್ದಾಗ, 1863ರಲ್ಲಿ, ಬೊಂಬಾಯಿ ಪದ್ಧತಿಯಂತೆ ಜಮೀನಿನ ಅಳತೆ ಆರಂಭವಾಯಿತು. ಹೊಲಕ್ಕೊಂದು ನಂಬರು, ಎಕರೆ ಗುಂಟೆಗಳ ವಿಸ್ತೀರ್ಣ, ಖುಷ್ಕಿ, ತರಿ, ಬಾಗಾಯ್ತು ಎಂಬ ವಿಂಗಡಣೆ, ಕಂದಾಯದ ಮೊತ್ತ, ಖಾತೆದಾರನ ಹೆಸರು, ಇವೆಲ್ಲವೂ ಬರವಣಿಗೆಗೆ ಇಳಿದುವು. ಮನುಷ್ಯರು ಸಾಯುತ್ತಾರೆ, ಸರ್ವೆ ನಂಬರು ಬಹುಮಟ್ಟಿಗೆ ಉಳಿಯುತ್ತದೆ. ಪೋಡಿಯಾಗಿ ಹೊಲವು ಒಡೆದರೂ ಮೂಲದ ಅಂಕಿಯು ಮುಂದೆಯೇ ನಿಂತಿರುತ್ತದೆ. ಇಂದಿನ ಪಹಣಿಯ ನಂಬರಿನಿಂದ ಹೊರಟು, ಹಳೆಯ ಖೇತವಾರು ಪತ್ರಿಕೆಗಳನ್ನೂ ಖಾತೆಗಳನ್ನೂ ಒಂದೊಂದಾಗಿ ಹಿಂದಕ್ಕೆ ತಿರುವಿದರೆ ಒಂದು ಮನೆತನದ ಗಂಡಸರ ಸಾಲು ಕಣ್ಣಿಗೆ ಬೀಳುತ್ತದೆ.

ಆ ಸಾಲಿನಲ್ಲಿ ಎರಡು ಚಿಕ್ಕ ಮಾತುಗಳನ್ನು ಗಮನಿಸಬೇಕು. 'ಬಿನ್' ಎಂದರೆ ಮಗ, 'ಕೋಂ' ಎಂದರೆ ಹೆಂಡತಿ. ಗಂಡನು ಬದುಕಿರುವವರೆಗೆ ಹೆಂಗಸಿನ ಹೆಸರು ಖಾತೆಯಲ್ಲಿ ಕಾಣುವುದು ಅಪರೂಪ. ಗಂಡನು ತೀರಿ, ಗಂಡುಮಕ್ಕಳು ಚಿಕ್ಕವರಾಗಿದ್ದಾಗ ಅಥವಾ ಇಲ್ಲದಿದ್ದಾಗ, 'ಇಂಥವನ ಕೋಂ ಇಂಥವಳು' ಎಂದು ಆಕೆ ದಫ್ತರವನ್ನು ಪ್ರವೇಶಿಸುತ್ತಾಳೆ. ಹೆಣ್ಣಿನ ಹೆಸರು ಕಂಡಲ್ಲಿ ಆ ಮನೆಯಲ್ಲೊಂದು ಸಾವು ಸಂಭವಿಸಿತ್ತೆಂದು ಬಹುಮಟ್ಟಿಗೆ ಊಹಿಸಬಹುದು. ಅಲ್ಲಿಂದ ಮುಂದೆ ಬೇಸಾಯದ ಭಾರವೂ ಕಂದಾಯದ ಭಾರವೂ ಆಕೆಯ ತಲೆಯ ಮೇಲೆಯೇ ಇದ್ದುವೆಂಬುದಕ್ಕೆ ಆ ಒಂದು ಸಾಲೇ ಸಾಕ್ಷಿ.

ಈ ಸೀಮೆಯಲ್ಲಿ ಅಂತಹ ಸಾಲುಗಳನ್ನು ಹುಡುಕುವವರು 1876ರಿಂದ 1878ರವರೆಗಿನ ಕ್ಷಾಮವನ್ನು ಮರೆಯಬಾರದು. ಮೈಸೂರು ಸೀಮೆಯ ಜನಸಂಖ್ಯೆಯು 1871ರಲ್ಲಿ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಇಳಿಯಿತು. ಆ ವರ್ಷಗಳಲ್ಲಿ ಖಾತೆಯು ತಂದೆಯಿಂದ ಮಗನಿಗೆ ಹೋಗದೆ ವಿಧವೆಗೋ ದಾಯಾದಿಗೋ ಪರರಿಗೋ ಹೋಗಿದ್ದರೆ, ಅದರ ಹಿಂದೆ ಏನು ನಡೆದಿರಬಹುದೆಂದು ಯೋಚಿಸಬೇಕು. ಇಲ್ಲಿ ತಿಥಿಯ ತೊಡಕೊಂದುಂಟು. ಶಾನುಭೋಗರು ಸಂವತ್ಸರದ ಹೆಸರನ್ನು ಬರೆಯುತ್ತಿದ್ದರು. ಅದಾದರೋ 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಜನರು 'ಧಾತು ಈಶ್ವರ ಬರ'ವೆಂದು ಕರೆದುದು ಮೇಲೆ ಹೇಳಿದ ಕ್ಷಾಮವನ್ನೇ. ಆದರೆ ಬರಿಯ 'ಧಾತು' ಎಂದಿದ್ದರೆ ಅದು 1816 ಆಗಿರಬಹುದು, 1876 ಆಗಿರಬಹುದು. ಕಾಗದದಲ್ಲಿರುವ ಇತರ ಹೆಸರುಗಳಿಂದ ಇದನ್ನು ನಿರ್ಧರಿಸಬೇಕು.

ನೋಂದಣಿ ಕಚೇರಿಯೂ ಉಪಯುಕ್ತವಾದುದೇ. ಅಲ್ಲಿ ವ್ಯಕ್ತಿಗಳ ಹೆಸರಿಗೊಂದು, ಸ್ವತ್ತಿಗೊಂದು, ಹೀಗೆ ಬೇರೆ ಬೇರೆ ಸೂಚಿಗಳಿರುತ್ತವೆ. ಹೆಂಗಸಿನ ಹೆಸರು ಗೊತ್ತಿಲ್ಲದವರು ಸ್ವತ್ತಿನ ಸೂಚಿಯಿಂದ ಆರಂಭಿಸಬಹುದು. ಕ್ರಯ, ಭೋಗ್ಯ, ದತ್ತು ಪತ್ರಗಳಲ್ಲಿ ವಿಧವೆಯರ ಹೆಬ್ಬೆಟ್ಟಿನ ಗುರುತು ಕಾಣಬರುತ್ತದೆ. ಮೈಸೂರು ಸಂಸ್ಥಾನದಲ್ಲಿ ಹಿಂದೂ ಸ್ತ್ರೀಯರ ಹಕ್ಕುಗಳನ್ನು ವಿಸ್ತರಿಸಿದ ಕಾನೂನು ಬಂದುದು 1933ರಲ್ಲಿ. ಅದಕ್ಕೆ ಹಿಂದಿನ ಪತ್ರಗಳಲ್ಲಿ ಹೆಣ್ಣುಮಕ್ಕಳು ವಿರಳವಾಗಿರುವುದು ಆಶ್ಚರ್ಯವಲ್ಲ.

ಇಷ್ಟಾದರೂ ಒಂದು ಬಾಗಿಲು ಮುಚ್ಚಿಯೇ ಇರುತ್ತದೆ. 'ಕೋಂ' ಎಂಬುದು ಗಂಡನನ್ನು ತಿಳಿಸುತ್ತದೆ, ತಂದೆಯನ್ನು ತಿಳಿಸುವುದಿಲ್ಲ. ತವರೂರು ಅಲ್ಲಿಗೇ ಕಳೆದುಹೋಗುತ್ತದೆ. ಇದಕ್ಕೆ ಊರಿನ ನೆನಪೇ ಆಧಾರ. ಆಕೆಯ ತವರಿನ ಮನೆದೇವರು ಯಾವುದು, ಬೆಡಗು ಯಾವುದು ಎಂಬುದನ್ನು ಹಿರಿಯ ಹೆಂಗಸರನ್ನು ಕೇಳಬೇಕು. ಸೋದರಿಕೆಯ ಸಂಬಂಧಗಳು ರೂಢಿಯಲ್ಲಿದ್ದುದರಿಂದ, ಮುಂದಿನ ತಲೆಮಾರಿನ ಸೊಸೆ ಬಂದ ಊರೇ ಅತ್ತೆಯ ತವರಾಗಿರುವುದೂ ಉಂಟು. ಎತ್ತನ್ನೇರಿ ಗಂಟೆ ಬಾರಿಸುತ್ತ ಬಂದು ಒಕ್ಕಲು ಮನೆಗಳ ವಂಶಾವಳಿಯನ್ನು ಹೇಳುತ್ತಿದ್ದ ಹೆಳವರನ್ನೂ ಮರೆಯತಕ್ಕದ್ದಲ್ಲ. ಬಾಯಿಯಿಂದ ಕೇಳಿದುದನ್ನು ಕಾಗದದೊಡನೆ ಹೋಲಿಸಿ, ಎರಡೂ ಒಪ್ಪಿದಲ್ಲಿ ಮಾತ್ರ ನಿಶ್ಚಯವೆಂದು ಬರೆದುಕೊಳ್ಳುವುದು ಯುಕ್ತ.

ಊರುಗಳೂ ಒಂದೇ ಸ್ಥಿತಿಯಲ್ಲಿ ಉಳಿದಿಲ್ಲ. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ ವಾಣೀವಿಲಾಸ ಸಾಗರವು 1907ರಲ್ಲಿ ಪೂರ್ಣವಾದಾಗ ಹಿನ್ನೀರಿನ ನೆಲವೆಲ್ಲ ನೀರಿನ ಪಾಲಾಯಿತು. ಹಿರಿಯೂರು, ಹೊಸದುರ್ಗದ ಕಡೆ ಹುಡುಕುವವರಿಗೆ ಹೊಲವು ಭೂಪಟದಲ್ಲಿ ಸಿಕ್ಕದಿದ್ದರೆ ಕಾರಣ ಇದೂ ಆಗಿರಬಹುದು. ಶಾನುಭೋಗಿಕೆಯನ್ನು ರದ್ದುಮಾಡುವ ಕಾನೂನು 1961ರಲ್ಲಿ ಆಯಿತು. ಹಳೆಯ ಲೆಕ್ಕಗಳಿಗೆ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯನ್ನೂ, ಸಂಸ್ಥಾನದ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರವನ್ನೂ ಆಶ್ರಯಿಸಬೇಕು.

ಇಷ್ಟು ಶ್ರಮಕ್ಕೆ ದೊರೆಯುವುದು ಕೆಲವೊಮ್ಮೆ ಒಂದು ಹೆಸರು, ಒಂದು ಸಂವತ್ಸರ, ಇಷ್ಟು ರೂಪಾಯಿ ಕಂದಾಯ ಸಲ್ಲಿಸಿದಳೆಂಬ ಒಂದು ಸಾಲು. ಅಷ್ಟು ಸಿಕ್ಕಿದರೂ, ಗಂಡನಿಲ್ಲದ ಮನೆಯ ಹೊಲವನ್ನು ಪರರ ಪಾಲಾಗದಂತೆ ಕಾದವಳು ಯಾರೆಂಬುದು ನಮಗೆ ತಿಳಿಯುತ್ತದೆ. ದಫ್ತರವು ಇನ್ನೂ ಕೆಲಕಾಲ ಕಾದೀತು. ಮನೆಯ ಹಿರಿಯರ ನೆನಪು ಕಾಯಲಾರದು. ಆದುದರಿಂದ ಮುಂದಿನ ಸಲ ಊರಿಗೆ ಹೋದಾಗ, ಪಹಣಿಯ ನಂಬರಿನೊಡನೆ ಅಜ್ಜಿಯರ ಹೆಸರನ್ನೂ ತವರೂರನ್ನೂ ಕೇಳಿ ಬರೆದುಕೊಂಡು ಬರೋಣ.